ಒಂದು ಮೂಲ, ನಾಲ್ಕು ಪ್ರತಿ: ಗುರುತ್ವ ಮಸೂರದ ಪರಿಚಯ

ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ನೆಲೆನಿಂತಿರುವ 'ಮಸೂರ' ಎಂಬ ಪದ ಅಡುಗೆಮನೆಯಿಂದ ಬಂದದ್ದು. ಕೆಲವೆಡೆ ಚನ್ನಂಗಿಯೆಂದೂ ಕೆಲವೆಡೆ ಮಸೂರಿಯೆಂದೂ ಕರೆಯುವ ಬೇಳೆಯ ಕಾಳು ಎರಡೂ ಬದಿಗೆ ಉಬ್ಬಿ ಅಂಚಿನಲ್ಲಿ ತೆಳುವಾಗಿರುತ್ತದೆ. ಬೆಳಕನ್ನು ಕೂಡಿಸುವ ಪೀನ ಗಾಜಿನ ಆಕಾರವೂ ಅದೇ. ಲ್ಯಾಟಿನ್ನಿನಲ್ಲಿ 'ಲೆನ್ಸ್' ಎಂದರೂ ಇದೇ ಕಾಳು. ಮರಾಠಿ ಈ ದಾರಿ ಹಿಡಿಯದೆ 'ಭಿಂಗ' ಎಂಬ ಪದವನ್ನು ಉಳಿಸಿಕೊಂಡಿತು. ಅಲ್ಲಿ ಮಸೂರವೆಂದರೆ ಇಂದಿಗೂ ಉಸಳಿಗೆ ನೆನೆಹಾಕುವ ಕಾಳು. ಎರಡೂ ಭಾಷೆಗಳ ನಡುವೆ ಓದುವ ಗೋವೆಯ ವಿದ್ಯಾರ್ಥಿಗೆ ಈ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ 'ಗುರುತ್ವ ಮಸೂರ' ಎಂಬ ಜೋಡುಪದ ಎದುರಾದಾಗ ಕಾಳಿನ ಆಕಾರ ಮನಸ್ಸಿನಲ್ಲಿದ್ದರೆ ವಿಷಯ ತಪ್ಪಾಗಿ ಅರ್ಥವಾಗುತ್ತದೆ.

ಕಾರಣ ಸರಳ. ಪೀನ ಮಸೂರದಲ್ಲಿ ನಡುವೆ ಹಾಯುವ ಕಿರಣ ಬಾಗುವುದಿಲ್ಲ. ಅಂಚಿನ ಕಡೆಗೆ ಹೋದಂತೆ ಬಾಗು ಹೆಚ್ಚುತ್ತದೆ. ಹೀಗೆ ಅಳತೆಯರಿತು ಬಾಗುವುದರಿಂದಲೇ ಕಿರಣಗಳೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತವೆ. ಬಿಸಿಲಿಗೆ ಹಿಡಿದ ಭೂತಕನ್ನಡಿ ಕಾಗದವನ್ನು ಸುಡುತ್ತದೆ. ಗುರುತ್ವದ ರೀತಿ ಇದಕ್ಕೆ ವಿಪರೀತ. ರಾಶಿಗೆ ಹತ್ತಿರ ಹಾದ ಕಿರಣ ಹೆಚ್ಚು ಬಾಗುತ್ತದೆ, ದೂರ ಹಾದದ್ದು ಕಡಿಮೆ. ದೂರ ಇಮ್ಮಡಿಯಾದರೆ ಬಾಗು ಅರ್ಧವಾಗುತ್ತದೆ. ಆದ್ದರಿಂದ ಇದಕ್ಕೆ ನಾಭಿಬಿಂದುವಿಲ್ಲ. ಕಿರಣಗಳು ಒಂದೆಡೆ ಕೂಡದೆ, ಒಂದು ರೇಖೆಯ ಉದ್ದಕ್ಕೂ ಬೇರೆ ಬೇರೆ ದೂರಗಳಲ್ಲಿ ದಾಟಿಹೋಗುತ್ತವೆ. ಇಂಥ ಬಾಗನ್ನು ಕೊಡುವ ಗಾಜನ್ನು ಮಾಡಬೇಕಾದರೆ ಅದು ನಡುವೆ ಚೂಪಾಗಿ ಎದ್ದು, ಥಟ್ಟನೆ ಇಳಿದು, ಅಂಚಿನವರೆಗೆ ನಿಧಾನವಾಗಿ ತೆಳುವಾಗಬೇಕು. ಗೋವೆಯಲ್ಲಿ ಅಂಥ ಗಾಜನ್ನು ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ವೈನ್ ಗ್ಲಾಸಿನ ಕಾಲು ತಳಕ್ಕೆ ಸೇರುವ ಭಾಗ ಹೆಚ್ಚುಕಡಿಮೆ ಇದೇ ಆಕಾರದ್ದು. ಬಿಳಿ ಹಾಳೆಯ ಮೇಲೆ ಶಾಯಿಯ ಚುಕ್ಕೆಯೊಂದನ್ನಿಟ್ಟು, ಖಾಲಿ ಗ್ಲಾಸಿನ ತಳದ ಮೂಲಕ ಅದನ್ನು ನೋಡುತ್ತ ಗ್ಲಾಸನ್ನು ಮೆಲ್ಲನೆ ಸರಿಸಿದರೆ, ಚುಕ್ಕೆ ಮೊದಲು ಬಾಗಿದ ಗೆರೆಯಾಗುತ್ತದೆ, ಆಮೇಲೆ ಎದುರುಬದುರಾದ ಎರಡು ತುಣುಕಾಗುತ್ತದೆ, ಕಾಲಿನ ನೇರಕ್ಕೆ ಬಂದಾಗ ಉಂಗುರವಾಗುತ್ತದೆ. ದೂರದರ್ಶಕಗಳು ಆಕಾಶದಲ್ಲಿ ಕಂಡಿರುವ ರೂಪಗಳೂ ಇವೇ.

ಬೆಳಕನ್ನು ರಾಶಿಯು ಬಾಗಿಸಬಲ್ಲದೆಂಬ ಊಹೆ ಹಳೆಯದು. ಜರ್ಮನಿಯ ಸೋಲ್ಡ್ನರ್ 1801ರಷ್ಟು ಹಿಂದೆಯೇ ನ್ಯೂಟನ್ನನ ನಿಯಮದಿಂದ ಅದನ್ನು ಲೆಕ್ಕಹಾಕಿದ್ದನು. 1915ರಲ್ಲಿ ಐನ್‌ಸ್ಟೈನ್ ತನ್ನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ ಪಡೆದ ಉತ್ತರ ಅದರ ಸುಮಾರು ಇಮ್ಮಡಿ: ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ವಿಕಲೆಯಷ್ಟು ಬಾಗಬೇಕು. ಪಂಚಾಂಗ ಬಲ್ಲವರಿಗೆ ಕಲೆ, ವಿಕಲೆ ಹೊಸವಲ್ಲ. ಒಂದು ಅಂಶದ ಅರವತ್ತನೆಯ ಭಾಗ ಕಲೆ, ಅದರ ಅರವತ್ತನೆಯ ಭಾಗ ವಿಕಲೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 5 ಕಿಲೋಮೀಟರ್ ದೂರದಿಂದ ನೋಡಿದರೆ ಅದು ಹೆಚ್ಚುಕಡಿಮೆ ಒಂದು ವಿಕಲೆಯಷ್ಟು ಕಾಣುತ್ತದೆ. ಸೂರ್ಯನ ಪಕ್ಕದ ನಕ್ಷತ್ರ ಹಗಲಿನಲ್ಲಿ ಕಾಣುವುದು ಪೂರ್ಣಗ್ರಹಣದ ಕೆಲವೇ ನಿಮಿಷಗಳಲ್ಲಿ; 1980ರ ಫೆಬ್ರವರಿ 16ರಂದು ಉತ್ತರ ಕನ್ನಡದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದ ನೆರಳನ್ನು ಕಂಡ ಹಿರಿಯರಿಗೆ ಆ ಕತ್ತಲೆ ನೆನಪಿರುತ್ತದೆ. 1919ರ ಮೇ 29ರ ಗ್ರಹಣದಲ್ಲಿ ಬ್ರಿಟಿಷ್ ಖಗೋಳಜ್ಞರ ಎರಡು ತಂಡಗಳು ಈ ಬಾಗನ್ನು ಅಳೆದವು. ಒಂದು ಬ್ರೆಜಿಲಿನ ಸೊಬ್ರಾಲ್ ಊರಿನಲ್ಲಿ. ಇನ್ನೊಂದು, ಎಡಿಂಗ್ಟನ್ ಇದ್ದದ್ದು, ಆಫ್ರಿಕದ ಪಶ್ಚಿಮ ಕಡಲಿನ ಪ್ರಿನ್ಸಿಪಿ ದ್ವೀಪದಲ್ಲಿ. ಆ ದ್ವೀಪವೂ ಆಗ ಗೋವೆಯಂತೆಯೇ ಪೋರ್ತುಗೀಜರ ಆಳ್ವಿಕೆಯಲ್ಲಿತ್ತು. ಫಲಿತಾಂಶ ಐನ್‌ಸ್ಟೈನನ ಅಂಕಿಯ ಪರವಾಗಿ ಬಂದಿತು.

ಸೂರ್ಯನೂ ಒಂದು ಗುರುತ್ವ ಮಸೂರವಾದರೆ ಅವನ ಹಿಂದಿನ ನಕ್ಷತ್ರ ಎರಡಾಗಿ ಏಕೆ ಕಾಣುವುದಿಲ್ಲ? ಒಂದೇ ನಕ್ಷತ್ರದ ಬೆಳಕು ಸೂರ್ಯನ ಎಡಬಲಗಳಿಂದ ಬಾಗಿ ಭೂಮಿಯಲ್ಲಿ ಕೂಡಬೇಕಾದರೆ ಪ್ರತಿ ಕಿರಣವೂ ಸೂರ್ಯಬಿಂಬದ ಅರ್ಧ ಅಗಲದಷ್ಟು, ಅಂದರೆ ಸುಮಾರು 960 ವಿಕಲೆ ಬಾಗಬೇಕಾಗುತ್ತದೆ. ಅದು ಬಾಗುವುದು 1.75 ಮಾತ್ರ. 960ನ್ನು 1.75ರಿಂದ ಭಾಗಿಸಿದರೆ ಸುಮಾರು 550 ಬರುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ದೂರದ 550 ಪಟ್ಟು ಆಚೆಗೆ ಹೋಗಿ ನಿಂತವನಿಗೆ ಆ ಎರಡು ಕಿರಣಗಳು ಮೊದಲಬಾರಿಗೆ ಕೂಡಿ ಸಿಗುತ್ತವೆ. ಮಸೂರ ಕೆಲಸಮಾಡಲು ರಾಶಿ ಸಾಲದು, ದೂರವೂ ಬೇಕು ಎಂಬುದು ಈ ಲೆಕ್ಕದ ಅರ್ಥ. 1936ರಲ್ಲಿ ಐನ್‌ಸ್ಟೈನ್ ಒಂದು ನಕ್ಷತ್ರ ಇನ್ನೊಂದಕ್ಕೆ ಮಸೂರವಾಗುವ ಬಗೆಯನ್ನು ಪ್ರಕಟಿಸಿದನು. ಅದೂ ರೂಡಿ ಮಾಂಡ್ಲ್ ಎಂಬ ಇಂಜಿನಿಯರನ ಒತ್ತಾಯಕ್ಕೆ. ಅದನ್ನು ಕಣ್ಣಾರೆ ಕಾಣುವ ಆಸೆ ಅವನಿಗಿರಲಿಲ್ಲ. ಮರುವರ್ಷವೇ ಫ್ರಿಟ್ಜ್ ಜ್ವಿಕಿ ಗುರಿಯನ್ನು ದೊಡ್ಡದು ಮಾಡಿದನು: ನಕ್ಷತ್ರವನ್ನು ಬಿಡಿ, ಸಾವಿರಾರು ಕೋಟಿ ನಕ್ಷತ್ರಗಳ ಗೆಲಾಕ್ಸಿಯನ್ನೇ ಮಸೂರವಾಗಿ ಹಿಡಿಯಿರಿ, ಆಗ ಪ್ರತಿಬಿಂಬಗಳ ನಡುವಣ ಅಂತರ ಅಳೆಯಲು ಸಿಗುತ್ತದೆ ಎಂದನು. ಅವನ ಮಾತು ನಿಜವಾಗಲು 42 ವರ್ಷ ಬೇಕಾದವು.

ಈಗ ಮುಖ್ಯ ಪ್ರಶ್ನೆ: ಪ್ರತಿಬಿಂಬಗಳು ಹಲವಾಗುವುದು ಹೇಗೆ? ಇದನ್ನು ವಿವರಿಸುವ ಅತ್ಯಂತ ಸ್ವಚ್ಛವಾದ ದಾರಿಯಲ್ಲಿ ಬೆಂಗಳೂರಿಗೂ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ರಾಜಾರಾಮ್ ನಿತ್ಯಾನಂದ ಮತ್ತು ಅಲ್ಲಿಂದ ಅಮೆರಿಕಕ್ಕೆ ಹೋದ ರಮೇಶ್ ನಾರಾಯಣ್, ರೋಜರ್ ಬ್ಲಾಂಡ್‌ಫರ್ಡ್ ಜೊತೆಗೂಡಿ 1984ರಲ್ಲಿ ಈ ವಿಷಯದ ಮೇಲೆ ಬರೆದರು. 1986ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ನಾರಾಯಣ್ ಪ್ರತಿಬಿಂಬಗಳ ವರ್ಗೀಕರಣವನ್ನು ಫರ್ಮಾನ ತತ್ತ್ವದ ಮೇಲೆ ನಿಲ್ಲಿಸಿದರು. ತತ್ತ್ವದ ಸಾರ ಇಷ್ಟು. ದೂರದ ಆಕರದಿಂದ ಕಣ್ಣಿಗೆ ಬರಲು ಬೆಳಕಿಗೆ ಅಸಂಖ್ಯ ದಾರಿಗಳನ್ನು ಕಲ್ಪಿಸಬಹುದು. ಪ್ರತಿ ದಾರಿಗೂ ಒಂದು ಪ್ರಯಾಣಕಾಲ. ಆ ಕಾಲವನ್ನು ಆಕಾಶದ ಪ್ರತಿ ದಿಕ್ಕಿನ ಮೇಲೂ ಎತ್ತರವಾಗಿ ಗುರುತಿಸಿದರೆ ಬೆಟ್ಟಕಣಿವೆಗಳ ಒಂದು ಭೂಪಟ ಸಿದ್ಧವಾಗುತ್ತದೆ. ಈ ಭೂಪಟದಲ್ಲಿ ನೆಲ ಎಲ್ಲೆಲ್ಲಿ ಕ್ಷಣಮಾತ್ರ ಸಮತಟ್ಟಾಗುತ್ತದೆಯೋ ಅಲ್ಲಲ್ಲಿ ಮಾತ್ರ ಪ್ರತಿಬಿಂಬ ಮೂಡುತ್ತದೆ.

ಸಮತಟ್ಟಾಗುವ ಜಾಗಗಳು ಮೂರು ಬಗೆ: ಕಣಿವೆಯ ತಳ, ಬೆಟ್ಟದ ತುದಿ, ಘಟ್ಟದ ಕಂಡಿ. ಮೂರನೆಯದು ಮೊದಲಿಗೆ ತೊಡಕೆನಿಸುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟಿನಲ್ಲೋ ಧಾರವಾಡದ ಕಡೆಯಿಂದ ಅನಮೋಡ ಘಾಟಿನಲ್ಲೋ ಗೋವೆಗೆ ಇಳಿದವರು ಘಟ್ಟದ ದಾರಿಗಳನ್ನು ಬಲ್ಲರು. ಎರಡು ಶಿಖರಗಳ ನಡುವೆ ದಾಟುವ ದಾರಿಯೊಂದನ್ನು ಊಹಿಸಿಕೊಳ್ಳಬೇಕು. ದಾರಿಯ ಗುಂಟ ನಡೆಯುವವನಿಗೆ ಕಂಡಿಯೇ ಅತ್ಯುನ್ನತ ಜಾಗ, ಅಲ್ಲಿಂದ ಮುಂದೆಯೂ ಇಳಿತ, ಹಿಂದೆಯೂ ಇಳಿತ. ಅದೇ ಜಾಗದಲ್ಲಿ ಎಡಬಲಕ್ಕೆ ಶಿಖರಗಳತ್ತ ತಿರುಗಿದವನಿಗೆ ಅದು ಅತ್ಯಂತ ತಗ್ಗು. ಕುದುರೆಯ ಬೆನ್ನಿನ ಜೀನಿನ ಆಕಾರವೂ ಇದೇ.

ನಡುವೆ ಮಸೂರವೇ ಇಲ್ಲದಿದ್ದರೆ ಕಾಲದ ಭೂಪಟ ಒಂದು ಬಟ್ಟಲು. ನೇರ ದಾರಿ ಅದರ ತಳ, ಪ್ರತಿಬಿಂಬ ಒಂದೇ. ಈಗ ದಾರಿಯ ಮಧ್ಯೆ ಒಂದು ಗೆಲಾಕ್ಸಿಯನ್ನು ಇಡಬೇಕು. ಅದರ ಗುರುತ್ವದ ಆಳದಲ್ಲಿ ಹಾಯುವ ಬೆಳಕು ತಡವಾಗುತ್ತದೆ, ಆದ್ದರಿಂದ ಬಟ್ಟಲಿನೊಳಗೆ ಒಂದು ದಿಬ್ಬ ಏಳುತ್ತದೆ. ಗೆಲಾಕ್ಸಿ ಆಕರದ ನೇರಕ್ಕೆ ಸರಿಯಾಗಿ ನಿಂತು, ಆಕಾರದಲ್ಲಿಯೂ ದುಂಡಾಗಿದ್ದರೆ ದಿಬ್ಬದ ಸುತ್ತ ಒಂದೇ ಆಳದ ಕಂದಕವಾಗುತ್ತದೆ. ಆ ಕಂದಕವೇ ಬೆಳಕಿನ ಉಂಗುರ. ಗೆಲಾಕ್ಸಿ ತುಸು ಪಕ್ಕಕ್ಕಿದ್ದರೆ ಕಂದಕ ಒಂದು ಬದಿಯಲ್ಲಿ ಆಳವಾಗಿ ಕಣಿವೆಯಾಗುತ್ತದೆ, ಎದುರು ಬದಿಯಲ್ಲಿ ಎತ್ತರಿಸಿ ಕಂಡಿಯಾಗುತ್ತದೆ, ನಡುವೆ ಶಿಖರ ಉಳಿಯುತ್ತದೆ. ಗೆಲಾಕ್ಸಿಗಳು ಸಾಮಾನ್ಯವಾಗಿ ದುಂಡಾಗಿರದೆ ಉದ್ದುದ್ದವಾಗಿರುವುದರಿಂದ, ಆಕರ ಸಾಕಷ್ಟು ನೇರದಲ್ಲಿದ್ದರೆ ಎರಡು ಕಣಿವೆ, ಎರಡು ಕಂಡಿ, ಒಂದು ಶಿಖರ ಒದಗುತ್ತವೆ. ಒಟ್ಟು ಐದು. 1985ರಲ್ಲಿ ಪತ್ತೆಯಾದ, ಒಂದು ಗೆಲಾಕ್ಸಿಯ ನಡುವಿನ ಸುತ್ತ ನಾಲ್ಕು ಚುಕ್ಕೆಗಳಾಗಿ ಕಾಣುವ ಕ್ವೇಸಾರ್ 'ಐನ್‌ಸ್ಟೈನ್ ಶಿಲುಬೆ' ಎಂದೇ ಹೆಸರಾಯಿತು. ನಾಲ್ಕೇ ಏಕೆ, ಐದನೆಯದು ಎಲ್ಲಿ ಎಂದು ಕೇಳುವ ವಿದ್ಯಾರ್ಥಿ ಪಾಠವನ್ನು ಸರಿಯಾಗಿ ಹಿಡಿದಿದ್ದಾನೆ.

ಉತ್ತರ ಹಿಗ್ಗುವಿಕೆಯಲ್ಲಿದೆ. ಗುರುತ್ವ ಬೆಳಕನ್ನು ಹುಟ್ಟಿಸುವುದಿಲ್ಲ. ಆಕರದ ಮೇಲ್ಮೈಯ ಕಾಂತಿ, ಅಂದರೆ ಒಂದು ಚದರ ವಿಕಲೆಯಷ್ಟು ಜಾಗದ ಹೊಳಪು, ಮಸೂರದ ಮೂಲಕ ನೋಡಿದಾಗಲೂ ಎಷ್ಟಿತ್ತೋ ಅಷ್ಟೇ. ಹೆಚ್ಚುವುದು ಬಿಂಬ ಆಕ್ರಮಿಸುವ ಜಾಗ. ಜಾಗ ಹತ್ತುಪಟ್ಟಾದರೆ ಕಣ್ಣಿಗೆ ಬರುವ ಒಟ್ಟು ಬೆಳಕೂ ಹತ್ತುಪಟ್ಟು. ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಮೇಲಿನ ಭೂಪಟವೇ ಹೇಳುತ್ತದೆ. ನೆಲ ವಿಶಾಲವಾಗಿ ಸಮತಟ್ಟಾಗಿದ್ದರೆ ಬಿಂಬ ಹರಡಿಕೊಂಡು ದೊಡ್ಡದಾಗುತ್ತದೆ, ಸೂಜಿಮೊನೆಯಂತೆ ಚೂಪಾಗಿದ್ದರೆ ಕುಗ್ಗುತ್ತದೆ. ಗೆಲಾಕ್ಸಿಯ ನಡುವಿನ ಶಿಖರ ಬಹಳ ಚೂಪು. ಆದ್ದರಿಂದ ಐದನೆಯ ಬಿಂಬ ಇದ್ದೂ ಇಲ್ಲದಂತೆ ಮಂಕಾಗಿ, ಗೆಲಾಕ್ಸಿಯ ಸ್ವಂತ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದು ಕಣಿವೆ ಮತ್ತು ಒಂದು ಕಂಡಿ ಒಂದನ್ನೊಂದು ಸೇರುವಷ್ಟು ಸಮೀಪಿಸಿದಾಗ ಅವುಗಳ ನಡುವಿನ ನೆಲವೆಲ್ಲ ಚಪ್ಪಟೆಯಾಗಿ ಬಿಂಬ ಅತಿಶಯವಾಗಿ ಹಿಗ್ಗುತ್ತದೆ. ಇಂಥ ಒಂದು ಅಂಚಿನ ಬಳಿ ಬಿದ್ದದ್ದರಿಂದಲೇ, ಬೆಳಕು ಸುಮಾರು 900 ಕೋಟಿ ವರ್ಷ ನಡೆದು ಬಂದ 'ಇಕಾರಸ್' ಎಂಬ ಒಂಟಿ ನಕ್ಷತ್ರ ಎರಡು ಸಾವಿರ ಪಟ್ಟಿಗೂ ಮಿಕ್ಕಿ ಹಿಗ್ಗಿ ಹಬಲ್ ದೂರದರ್ಶಕಕ್ಕೆ ಕಂಡಿತು. ಆ ವರದಿ ಹೊರಬಂದದ್ದು 2018ರಲ್ಲಿ.

ಇಲ್ಲಿಂದ ಮುಂದಿನ ವಿಷಯ ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಗೊತ್ತು: ಕವಿಯ ಸ್ವಹಸ್ತಪ್ರತಿ ಸಿಗುವುದು ಅಪರೂಪ, ಸಿಗುವುದು ಬೇರೆ ಬೇರೆ ಲಿಪಿಕಾರರ ಓಲೆಪ್ರತಿಗಳು. ಒಂದರಲ್ಲಿ ಅಕ್ಷರ ಬಿಟ್ಟಿದೆ, ಇನ್ನೊಂದರಲ್ಲಿ ಸಾಲು ಹೊರಳಿದೆ. ಸಂಪಾದಕನಿಗೆ ಎರಡು ಕೆಲಸ. ಇವೆಲ್ಲ ಒಂದೇ ಮೂಲದ ಪ್ರತಿಗಳೆಂದು ಮೊದಲು ಸ್ಥಾಪಿಸಬೇಕು. ಆಮೇಲೆ ಪಾಠಾಂತರಗಳನ್ನು ಹೋಲಿಸಿ ಮೂಲವನ್ನೂ ಲಿಪಿಕಾರನ ಅಭ್ಯಾಸವನ್ನೂ ಬಿಡಿಸಿ ತೋರಿಸಬೇಕು. ಖಗೋಳಜ್ಞನ ಮುಂದಿರುವ ನಾಲ್ಕು ಚುಕ್ಕೆಗಳೂ ಒಂದು ಮೂಲದ ನಾಲ್ಕು ಪ್ರತಿ; ಲಿಪಿಕಾರ ಇಲ್ಲಿ ನಡುವಿನ ಗೆಲಾಕ್ಸಿ.

ಮೊದಲ ಕೆಲಸದ ಪ್ರಸಿದ್ಧ ಉದಾಹರಣೆ 1979ರದು. ಡೆನಿಸ್ ವಾಲ್ಶ್, ರಾಬರ್ಟ್ ಕಾರ್ಸ್‌ವೆಲ್, ರೇ ವೇಮನ್ ಎಂಬ ಮೂವರು ಸಪ್ತರ್ಷಿಮಂಡಲದಲ್ಲಿ 6 ವಿಕಲೆ ಅಂತರದಲ್ಲಿದ್ದ ಎರಡು ನೀಲಿ ಚುಕ್ಕೆಗಳ ರೋಹಿತವನ್ನು ತೆಗೆದಾಗ ಎರಡೂ ಕ್ವೇಸಾರುಗಳೆಂದು ತಿಳಿಯಿತು. ರೋಹಿತದ ಗೆರೆಗಳೂ ಅವುಗಳ ಕೆಂಪು ಪಲ್ಲಟವೂ, 1.41, ಒಂದೇ ಆಗಿದ್ದವು. ಗುರುತ್ವಕ್ಕೆ ಬಣ್ಣಭೇದವಿಲ್ಲ. ಗಾಜು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಬಾಗಿಸುತ್ತದೆ. ಗುರುತ್ವ ಎಲ್ಲವನ್ನೂ ಸಮಾನವಾಗಿ ಬಾಗಿಸುತ್ತದೆ. ಆದ್ದರಿಂದ ಪ್ರತಿಗಳ ಆಕಾರ, ಗಾತ್ರಗಳು ಕೆಟ್ಟರೂ ರೋಹಿತ ಕೆಡುವುದಿಲ್ಲ. ಆದರೂ ಅಕ್ಕಪಕ್ಕದ ಎರಡು ಅವಳಿ ಕ್ವೇಸಾರುಗಳೇಕೆ ಇರಬಾರದು ಎಂಬ ಸಂದೇಹಕ್ಕೆ ಎಡೆಯಿತ್ತು. ನಡುವಿನ ಗೆಲಾಕ್ಸಿ ಬೇಗನೆ ಕಂಡುಬಂತು. ಅದಕ್ಕಿಂತ ಬಲವಾದ ಸಾಕ್ಷ್ಯ ಕಾಲದ್ದು. ಕಣಿವೆಗೂ ಕಂಡಿಗೂ ಎತ್ತರ ಬೇರೆ, ಎಂದರೆ ಪ್ರಯಾಣಕಾಲ ಬೇರೆ. ಕ್ವೇಸಾರಿನ ಬೆಳಕು ಏರಿಳಿದರೆ ಆ ಸುದ್ದಿ ಮೊದಲು ಕಣಿವೆಯ ಬಿಂಬದಲ್ಲಿಯೂ ತಡವಾಗಿ ಕಂಡಿಯ ಬಿಂಬದಲ್ಲಿಯೂ ಕಾಣಬೇಕು. ಎಷ್ಟು ತಡ ಎಂಬ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು; ಒಂದು ಪಕ್ಷ ಸುಮಾರು 415 ದಿನ ಎಂದರೆ ಇನ್ನೊಂದು ಸುಮಾರು 540 ಎಂದಿತು. 1994ರ ಡಿಸೆಂಬರಿನಲ್ಲಿ ಮೊದಲ ಬಿಂಬ ಥಟ್ಟನೆ ಮಂಕಾಯಿತು. ಮೊದಲ ಪಕ್ಷ ಸರಿಯಾದರೆ ಎರಡನೆಯದು 1996ರ ಫೆಬ್ರವರಿಯಲ್ಲಿ ಮಂಕಾಗಬೇಕೆಂದು ಮುಂಚಿತವಾಗಿ ಬರೆದಿಡಲಾಯಿತು. ಆ ತಿಂಗಳೇ ಅದು ಮಂಕಾಯಿತು. ಅಂತರ 417 ದಿನ. ವಾದವನ್ನು ಇಷ್ಟು ಸ್ಪಷ್ಟವಾಗಿ ಮುಗಿಸುವ ಪ್ರತಿ ಗ್ರಂಥಸಂಪಾದಕನಿಗೆ ಸಿಗುವುದು ಕಡಿಮೆ.

ಭಾರತದ ಉದಾಹರಣೆಯೂ ಇದೇ ಕಾಲದ್ದು. ಧನುರಾಶಿಯಲ್ಲಿ ಪಿಕೆಎಸ್ 1830-211 ಎಂಬ ಪ್ರಬಲ ರೇಡಿಯೊ ಆಕರವೊಂದಿದೆ. ಆಕಾಶಗಂಗೆಯ ದಟ್ಟ ಧೂಳಿನ ದಿಕ್ಕಿನಲ್ಲಿರುವುದರಿಂದ ಮಾಮೂಲಿ ದೂರದರ್ಶಕಕ್ಕೆ ಅದು ದಕ್ಕುವುದಿಲ್ಲ. ರೇಡಿಯೊ ಅಲೆಗಳು ಮಾತ್ರ ಧೂಳನ್ನು ತೂರಿ ಬರುತ್ತವೆ. 1988ರಲ್ಲಿ ಪ್ರಮೇಶ್ ರಾವ್ ಮತ್ತು ರವಿ ಸುಬ್ರಹ್ಮಣ್ಯನ್ ಅದು ಒಂದು ವಿಕಲೆಯಷ್ಟು ಅಂತರದ ಜೋಡಿಯೆಂದು ತೋರಿಸಿದರು. ರೋಹಿತದ ಗೆರೆಗಳ ಸಾಕ್ಷ್ಯವಿಲ್ಲದೆ, ಎರಡು ಬಿಂಬಗಳ ರೇಡಿಯೊ ಲಕ್ಷಣಗಳ ಸಾಮ್ಯದಿಂದಲೇ ಇದು ಮಸೂರದ ಕೆಲಸವಿರಬೇಕೆಂದು ವಾದಿಸುವುದು ಧೈರ್ಯದ ಮಾತು. 1990ರಲ್ಲಿ ಇವರಿಬ್ಬರೂ ಡಿ. ನರಸಿಂಹ ಮತ್ತು ಗೋವಿಂದ ಸ್ವರೂಪರೊಂದಿಗೆ ಆ ವಾದವನ್ನು ವಿಸ್ತರಿಸಿದರು. ಮರುವರ್ಷ ಬೇರೊಂದು ತಂಡ ಎರಡು ಬಿಂಬಗಳನ್ನು ಜೋಡಿಸುವ ಉಂಗುರವನ್ನು ಕಂಡಿತು. ಮಸೂರವಾದ ಗೆಲಾಕ್ಸಿಯ ಕೆಂಪು ಪಲ್ಲಟ 0.89 ಎಂಬುದು 1996ರಲ್ಲಿ ಅದರೊಳಗಿನ ಅಣುಗಳು ರೇಡಿಯೊ ಬೆಳಕನ್ನು ಹೀರಿ ಬಿಟ್ಟ ಗುರುತಿನಿಂದ ಗೊತ್ತಾಯಿತು. ಎರಡು ಬಿಂಬಗಳ ನಡುವಿನ ಕಾಲಾಂತರ ಸುಮಾರು 26 ದಿನ. ಸುಬ್ರಹ್ಮಣ್ಯನ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಗುರುತ್ವ ಮತ್ತು ವಿಶ್ವವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ 1987ರ ಡಿಸೆಂಬರ್ 14ರಿಂದ 19ರವರೆಗೆ ನಡೆದದ್ದು ಗೋವೆಯಲ್ಲಿ ಎಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ತಿಳಿದಿರಬೇಕು. ಅದರ ಪ್ರಬಂಧಗಳನ್ನು ಸಂಪಾದಿಸಿದ ನಾಲ್ವರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ವಿಜ್ಞಾನಕಥೆಗಳನ್ನು ಬರೆದ ಜಯಂತ ನಾರಳೀಕರರೂ, ಬೆಂಗಳೂರಿನಲ್ಲಿ ಹುಟ್ಟಿ ಕಪ್ಪುಕುಳಿಗಳ ಅಧ್ಯಯನದಿಂದ ಹೆಸರಾದ ಸಿ.ವಿ. ವಿಶ್ವೇಶ್ವರರೂ ಇದ್ದರು. ಗೆಲಾಕ್ಸಿ ಗುಚ್ಛಗಳ ಸುತ್ತ ಉದ್ದನೆಯ ಬಿಲ್ಲಿನಂಥ ಬೆಳಕಿನ ಗೆರೆಗಳು ಕಂಡಿವೆ ಎಂಬ ಮೊದಲ ವರದಿಗಳು ಬಂದದ್ದೂ ಆ ವರ್ಷವೇ. ಅಬೆಲ್ 370 ಎಂಬ ಗುಚ್ಛದ ಬಿಲ್ಲು ಗುಚ್ಛದ್ದಲ್ಲ, ಅದರ ಬಹಳ ಹಿಂದಿರುವ ಗೆಲಾಕ್ಸಿಯೊಂದರ ಎಳೆದು ಬಾಗಿದ ಬಿಂಬ ಎಂಬುದು ರೋಹಿತದಿಂದ ತೀರ್ಮಾನವಾಯಿತು.

ಎರಡನೆಯ ಕೆಲಸ, ಅಂದರೆ ಪ್ರತಿಗಳಿಂದ ಲಿಪಿಕಾರನನ್ನು ತಿಳಿಯುವುದು, ಇಂದು ಹೆಚ್ಚು ಬೆಲೆಯುಳ್ಳದ್ದು. ಬಿಂಬಗಳ ಅಂತರ ಮಸೂರದ ಒಟ್ಟು ರಾಶಿಯನ್ನು ಹೇಳುತ್ತದೆ. ಆ ರಾಶಿ ಬೆಳಗುವುದೋ ಕಪ್ಪಗಿರುವುದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ತೂಗಿದಾಗ ಗೆಲಾಕ್ಸಿ ಗುಚ್ಛಗಳಲ್ಲಿ ಕಣ್ಣಿಗೆ ಕಾಣುವ ನಕ್ಷತ್ರ, ಅನಿಲಗಳಿಗಿಂತ ಹಲವು ಪಟ್ಟು ಹೆಚ್ಚು ರಾಶಿ ಸಿಗುತ್ತದೆ. ಕಪ್ಪು ದ್ರವ್ಯವೆಂದು ಕರೆಯುವ ವಸ್ತುವಿಗೆ ಇರುವ ನೇರವಾದ ಸಾಕ್ಷ್ಯಗಳಲ್ಲಿ ಇದೊಂದು.

ಇನ್ನು ಕಾಲಾಂತರ. ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ 1964ರಲ್ಲಿಯೇ, ಅಂದರೆ ಒಂದು ಮಸೂರವೂ ಸಿಕ್ಕಿರದ ಕಾಲದಲ್ಲಿ, ಮಸೂರದ ಹಿಂದೆ ಸೂಪರ್‌ನೋವಾ ಸಿಡಿದರೆ ಬಿಂಬಗಳ ಕಾಲಾಂತರದಿಂದ ವಿಶ್ವ ಹಿಗ್ಗುವ ವೇಗವನ್ನು ಅಳೆಯಬಹುದೆಂದು ತೋರಿಸಿದ್ದನು. 2014ರ ನವೆಂಬರಿನಲ್ಲಿ ಅಂಥದೇ ಸೂಪರ್‌ನೋವಾ ನಾಲ್ಕು ಬಿಂಬಗಳಾಗಿ ಕಂಡಿತು. ಅದಕ್ಕೆ ಅವನ ಹೆಸರನ್ನೇ ಇಟ್ಟರು. ನಡುವಿನ ಗುಚ್ಛದ ಭೂಪಟವನ್ನು ಲೆಕ್ಕಹಾಕಿದವರು ಇನ್ನೊಂದು ಬಿಂಬ ತಡವಾಗಿ ಬರಲಿದೆ ಎಂದರು. 2015ರ ಡಿಸೆಂಬರ್ 11ರಂದು ಹಬಲ್ ದೂರದರ್ಶಕ ಅದನ್ನು ಕಂಡಿತು. ಯಾವ ಜಾಗ, ಯಾವ ಸುಮಾರಿಗೆ ಎಂದು ಮೊದಲೇ ಹೇಳಿ ಕಾದು ನೋಡಿದ ಮೊದಲ ಸೂಪರ್‌ನೋವಾ ಅದು.

ವಿವಾದ ಉಳಿದಿರುವುದು ವೇಗದ ಅಂಕಿಯಲ್ಲಿ. ವಿಶ್ವದ ಆದಿಬೆಳಕನ್ನು ಅಳೆದವರು ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ, ಅಂದರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಸೆಕೆಂಡಿಗೆ ಸುಮಾರು 67 ಕಿಲೋಮೀಟರ್ ಎನ್ನುತ್ತಾರೆ. ಆರು ಕ್ವೇಸಾರ್ ಮಸೂರಗಳ ಕಾಲಾಂತರದಿಂದ 2020ರ ಹೊತ್ತಿಗೆ ಬಂದ ಉತ್ತರ ಸುಮಾರು 73. ರೆಫ್ಸ್‌ಡಾಲ್ ಸೂಪರ್‌ನೋವಾದಿಂದ 2023ರಲ್ಲಿ ಬಂದದ್ದು 65ರಿಂದ 67ರ ಆಸುಪಾಸು. ಇಷ್ಟು ಅಂತರಕ್ಕೆ ಒಂದು ಕಾರಣ ಲಿಪಿಕಾರನಲ್ಲಿಯೇ ಇರಬಹುದು. ಗೆಲಾಕ್ಸಿಯ ರಾಶಿ ಒಳಗಿನಿಂದ ಹೊರಗೆ ಹೇಗೆ ಹರಡಿದೆ ಎಂಬುದನ್ನು ಸ್ವಲ್ಪ ಬದಲಿಸಿ, ಹಾಳೆಯಂತೆ ಸಮನಾಗಿ ಹರಡಿದ ರಾಶಿಯನ್ನು ಕೂಡಿಸಿದರೆ, ಬಿಂಬಗಳ ಸ್ಥಾನ ಒಂದಿಷ್ಟೂ ಬದಲಾಗದೆ ಕಾಲಾಂತರ ಮಾತ್ರ ಬದಲಾಗುತ್ತದೆ. ಪ್ರತಿಗಳನ್ನು ಎಷ್ಟು ಹೋಲಿಸಿದರೂ ಈ ಎರಡು ಬಗೆಯ ಲಿಪಿಕಾರರನ್ನು ಬೇರ್ಪಡಿಸಲಾಗುವುದಿಲ್ಲ; ಗೆಲಾಕ್ಸಿಯೊಳಗಿನ ನಕ್ಷತ್ರಗಳ ವೇಗವನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ. ಹಂಚಿಕೆಯ ಬಗ್ಗೆ ಮೊದಲಿದ್ದ ಊಹೆಗಳನ್ನು ಸಡಿಲಿಸಿ ಅದೇ ಮಸೂರಗಳನ್ನು ಮತ್ತೆ ಲೆಕ್ಕಹಾಕಿದಾಗ, ಎರಡು ಪ್ರತಿಶತದಷ್ಟಿದ್ದ ಅನಿಶ್ಚಿತತೆ ಎಂಟು ಪ್ರತಿಶತದಷ್ಟಾಯಿತು. 67 ಮತ್ತು 73 ಎರಡಕ್ಕೂ ಅದರೊಳಗೆ ಜಾಗವಿದೆ.